ಗುಳ್ಳೆ ಕಾಣದ ಮಾತ್ರಕ್ಕೆ ಮಾಲು ಒಣಗಿದೆ ಎಂದಲ್ಲ

ಕೋಪಾಲಿಯೆಸ್ಟರ್ ಇಲಾಸ್ಟೋಮರ್ ಎಂಬ, ಕರಗಿಸಿ ಅಚ್ಚು ಹಾಕಬಹುದಾದ ರಬ್ಬರಿನಂಥ ಪ್ಲಾಸ್ಟಿಕ್ಕಿನ ಬೆಲ್ಲೋಸ್ (ಮಡಿಕೆ ಮಡಿಕೆಯಾದ ಕೊಳವೆ) ಕೆಲವೇ ತಿಂಗಳಲ್ಲಿ ಮಡಿಕೆಯ ಜಾಗದಲ್ಲಿ ಸೀಳಿತು ಎಂದು ದೂರುವವರು ಮೊದಲು ಹೇಳುವುದು 'ಮಾಲು ಸರಿಯಿಲ್ಲ' ಎಂದು. ಅಚ್ಚು ಹಾಕುವ ಮೊದಲು ಮಾಲನ್ನು ಒಣಗಿಸಿದ್ದೀರಾ ಎಂದರೆ, 'ಪೀಸಿನಲ್ಲಿ ಒಂದು ಗುಳ್ಳೆಯೂ ಇಲ್ಲ, ನೋಡಿ' ಎನ್ನುತ್ತಾರೆ. ತೊಂದರೆ ಇರುವುದು ಈ ಎರಡನೇ ಮಾತಿನಲ್ಲೇ.

ಈ ವಸ್ತುವಿನ ಅಣುಗಳು ಉದ್ದ ಸರಪಳಿಗಳು; ಪ್ರತಿ ಸರಪಳಿಯಲ್ಲೂ ಎರಡು ಬಗೆಯ ತುಂಡುಗಳು ಒಂದಾದ ಮೇಲೊಂದು ಬರುತ್ತವೆ. ಗಟ್ಟಿ ತುಂಡು ಪಿಬಿಟಿ (ಪಾಲಿಬ್ಯುಟಿಲೀನ್ ಟೆರೆಫ್ತಾಲೇಟ್) ಎಂಬ ಪಾಲಿಯೆಸ್ಟರ್. ಮೆತ್ತನೆಯದು ಹೆಚ್ಚಿನ ಗ್ರೇಡುಗಳಲ್ಲಿ 1000ದಿಂದ 2000 ಅಣುತೂಕದ ಪಾಲಿಟೆಟ್ರಾಮೀಥಿಲೀನ್ ಈಥರ್ ಗ್ಲೈಕಾಲ್. ಗಟ್ಟಿ ತುಂಡುಗಳು ಒತ್ತಾಗಿ ಸೇರಿ ಹರಳುಗಟ್ಟಿ ಗಂಟಾಗುತ್ತವೆ, ಮೆತ್ತನೆಯವು ಹಿಗ್ಗಿ ಕುಗ್ಗುತ್ತವೆ. ವಲ್ಕನೈಸ್ ಆದ ರಬ್ಬರಿನ ಗಂಟು ಕಾಯಿಸಿದರೆ ಬಿಚ್ಚಿಕೊಳ್ಳದು; ಈ ಹರಳಿನ ಗಂಟು ಗ್ರೇಡಿಗೆ ತಕ್ಕಂತೆ ಸುಮಾರು 150ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ತಣಿದಾಗ ಮತ್ತೆ ಬೀಳುತ್ತದೆ. ಡ್ಯೂಪಾಂಟ್‌ನ ಹೈಟ್ರೆಲ್ 1972ರಲ್ಲಿ ಬಂದಾಗಿನಿಂದ ಈ ಉಪಾಯ ಬದಲಾಗಿಲ್ಲ.

ತುಂಡುಗಳನ್ನು ಬೆಸೆದಿರುವುದು ಎಸ್ಟರ್ ಬಂಧ. ಕರಗಿದ ಬಿಸಿಯಲ್ಲಿ ನೀರಿನ ಒಂದು ಅಣು ಒಂದು ಎಸ್ಟರ್ ಬಂಧವನ್ನು ಕತ್ತರಿಸುತ್ತದೆ. ಲೆಕ್ಕ ಹಾಕಿ ನೋಡಿ. ಸರಾಸರಿ ಅಣುತೂಕ 25,000 ಎಂದುಕೊಂಡರೆ ಒಂದು ಕಿಲೋ ಮಾಲಿನಲ್ಲಿರುವ ಸರಪಳಿಗಳು 0.04 ಮೋಲ್. ಶೇ. 0.1 ತೇವವೆಂದರೆ ಕಿಲೋಗೆ ಒಂದು ಗ್ರಾಂ ನೀರು, ಅಂದರೆ 0.056 ಮೋಲ್. ಸರಪಳಿಗಳಿಗಿಂತ ಕತ್ತರಿಗಳೇ ಹೆಚ್ಚು! ಅಷ್ಟೂ ನೀರು ಕೆಲಸ ಮಾಡಿದರೆ ಸರಾಸರಿ 10,400ಕ್ಕೆ ಕುಸಿಯುತ್ತದೆ. ತೇವ ಶೇ. 0.02 ಇದ್ದರೆ ಸುಮಾರು 19,600 ಉಳಿಯುತ್ತದೆ. ನಿಜದಲ್ಲಿ ಎಲ್ಲ ನೀರೂ ಪ್ರತಿಕ್ರಿಯಿಸುವುದಿಲ್ಲ, ಯಂತ್ರದಲ್ಲಿ ಮಾಲು ಕರಗುವ ಕೊಳವೆಯಾದ ಬ್ಯಾರೆಲ್‌ನಲ್ಲಿ ಅದು ಎಷ್ಟು ಹೊತ್ತು ನಿಂತಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹೀಗೆ ಬಂಧ ಮುರಿಯುವುದರಲ್ಲೇ ಖರ್ಚಾಗಿಹೋದ ನೀರು ಗುಳ್ಳೆ ಎಬ್ಬಿಸಲು ಉಳಿದಿರುವುದಿಲ್ಲ.

ಗಡಸುತನ ಅಳೆದರೂ ಸುಳಿವು ಸಿಗದು. ಅದು ಹರಳುಗಳ ಪ್ರಮಾಣವನ್ನು ಹೇಳುತ್ತದೆ, ಸರಪಳಿ ಮೋಟಾದರೂ ಹರಳು ಕಟ್ಟುವುದಕ್ಕೆ ಅಡ್ಡಿಯಿಲ್ಲ. ಲಕ್ಷಾಂತರ ಬಾರಿ ಮಡಚಿದರೂ ಸೀಳದಂತೆ ಹಿಡಿದಿಡುವುದು ಒಂದು ಹರಳಿನಿಂದ ಇನ್ನೊಂದಕ್ಕೆ ಚಾಚಿದ ಉದ್ದ ಸರಪಳಿಗಳು. ಮೊದಲು ಕಡಿಮೆಯಾಗುವುದು ಅವೇ.

ಡೇಟಾಶೀಟಿನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ, ಗಟ್ಟಿ ಗ್ರೇಡುಗಳನ್ನು ತೇವ ತೆಗೆದ ಗಾಳಿ ಊದುವ ಡಿಹ್ಯುಮಿಡಿಫೈಯಿಂಗ್ ಡ್ರೈಯರ್‌ನಲ್ಲಿ 100ರಿಂದ 110 ಡಿಗ್ರಿಯಲ್ಲಿ ಎರಡು-ಮೂರು ಗಂಟೆ ಒಣಗಿಸಿ. ತೀರಾ ಮೆತ್ತನೆಯವು ಆ ಬಿಸಿಗೆ ಅಂಟಿಕೊಳ್ಳಬಹುದು. ಅವಕ್ಕೆ 80–90 ಡಿಗ್ರಿ, ನಾಲ್ಕರಿಂದ ಆರು ಗಂಟೆ. ಗಾಳಿಯ ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ತಾಪಮಾನ; ಕಡಿಮೆ ಇದ್ದಷ್ಟೂ ಗಾಳಿ ಒಣ) ಮೈನಸ್ 30 ಡಿಗ್ರಿಗಿಂತ ಕೆಳಗಿರಲಿ. ತಾಪಮಾನ ಓದುವಷ್ಟು ಆಸಕ್ತಿಯಿಂದ ಡ್ಯೂ ಪಾಯಿಂಟನ್ನು ಯಾರೂ ಓದುವುದಿಲ್ಲ. ಡ್ರೈಯರಿನ ಗಾಳಿಯ ತೇವ ಹೀರುವ ಡೆಸಿಕೆಂಟ್ ಸೋತಿದ್ದರೆ ಬಿಸಿಯಂತೂ ಸರಿಯಾಗೇ ತೋರಿಸುತ್ತದೆ, ತೇವ ಮಾತ್ರ ಇಳಿಯುವುದಿಲ್ಲ. ಬರೀ ಬಿಸಿಗಾಳಿಯ ಓವನ್ ಮಳೆಗಾಲದಲ್ಲಿ ಒದ್ದೆ ಗಾಳಿಯನ್ನೇ ಕಾಯಿಸಿ ಊದುತ್ತದೆ. ಒಣಗಿಸಿದ ಮಾಲನ್ನು ತೆರೆದ ಹಾಪರ್‌ನಲ್ಲಿ ಬಿಟ್ಟು ಊಟಕ್ಕೆ ಹೋದರೆ ಮಾಡಿದ ಕೆಲಸ ಅರ್ಧ ಹಾಳು. ಬಣ್ಣಕ್ಕೆಂದು ಬೆರೆಸುವ ಗಾಢ ಬಣ್ಣದ ಕಾಳುಗಳನ್ನೂ (ಮಾಸ್ಟರ್‌ಬ್ಯಾಚ್) ಒಣಗಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಪರೀಕ್ಷೆ ಕಷ್ಟವಲ್ಲ. ಹೊಸ ಗ್ರ್ಯಾನ್ಯೂಲ್ ಮತ್ತು ಕತ್ತರಿಸಿದ ಪೀಸು, ಎರಡರ ಮೆಲ್ಟ್ ಫ್ಲೋವನ್ನೂ, ಅಂದರೆ ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು, ಡೇಟಾಶೀಟ್ ಹೇಳುವ ತಾಪಮಾನ, ಭಾರದಲ್ಲಿ ಅಳೆಯಿರಿ. ಸರಪಳಿ ಮೋಟಾದಷ್ಟೂ ಹರಿವು ಹೆಚ್ಚು. ಪೀಸಿನದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿದ್ದರೆ ನಾನು ಆ ಬ್ಯಾಚನ್ನು ತಡೆಹಿಡಿಯುತ್ತೇನೆ. ಮಿತಿಯನ್ನು ನಿಮ್ಮ ಪೀಸಿನ ಕೆಲಸ ನೋಡಿ ನೀವೇ ನಿಗದಿಪಡಿಸಿಕೊಳ್ಳಿ. ಎರಡೂ ಮಾದರಿಗಳನ್ನು ಚೆನ್ನಾಗಿ ಒಣಗಿಸಿಯೇ ಅಳೆಯಬೇಕು, ಇಲ್ಲದಿದ್ದರೆ ಪರೀಕ್ಷೆಯ ಯಂತ್ರದೊಳಗೇ ಸರಪಳಿ ಕತ್ತರಿಸಿ ತಪ್ಪು ಅಂಕಿ ಬರುತ್ತದೆ.

ಕೆಟ್ಟ ಪೀಸುಗಳನ್ನು ಪುಡಿಮಾಡಿ ಮತ್ತೆ ಒಣಗಿಸಿದರೆ ಸರಿಹೋಗುತ್ತದೆಯೇ ಎಂದು ಕೇಳುತ್ತಾರೆ. ಒಣಗುತ್ತದೆ, ಕತ್ತರಿಸಿದ ಸರಪಳಿ ಕೂಡಿಕೊಳ್ಳುವುದಿಲ್ಲ. ಅಚ್ಚಿನ ದಾರಿಯಲ್ಲಿ ಉಳಿಯುವ ತುಣುಕುಗಳ (ಸ್ಪ್ರೂ, ರನ್ನರ್) ಒಳ್ಳೆಯ ಪುಡಿಯನ್ನಾದರೆ (ರಿಗ್ರೈಂಡ್) ಒಣಗಿಸಿ ಕಾಲು ಭಾಗದವರೆಗೆ ಬೆರೆಸಬಹುದು, ಸತತವಾಗಿ ಮಡಚುವ ಪೀಸಿಗೆ ಅದೂ ಬೇಡ. ಇನ್ನು ನೀರಿನ ಕತ್ತರಿಯಿಂದ ಕಾಪಾಡಲು ಬೆರೆಸುವ ಕಾರ್ಬೊಡೈಇಮೈಡ್ ಎಂಬ ರಾಸಾಯನಿಕ: ಬಿಸಿನೀರು, ಹಬೆಯ ನಡುವೆ ದುಡಿಯುವ ಪೀಸಿನ ಆಯಸ್ಸನ್ನು ಅದು ನಿಜಕ್ಕೂ ಹೆಚ್ಚಿಸುತ್ತದೆ. ಒದ್ದೆ ಮಾಲಿಗೆ ಹಾಕಿದರೆ ಬ್ಯಾರೆಲ್‌ನಲ್ಲೇ ಅದರ ಬಹುಪಾಲು ಖರ್ಚಾಗಿ, ಪೀಸಿಗೆ ಉಳಿಯುವುದು ಸ್ವಲ್ಪವೇ.