ಬಾಲ್ಸಾ ಮರಕ್ಕೆ ವಯಸ್ಸಾಗಿದೆ, ವಿಮಾನ ಹಾರಿಸಬಹುದಾ?

ಪ್ರಶ್ನೆ: ಅಪ್ಪನ ಕಾಲದ ರಿಮೋಟ್ ಕಂಟ್ರೋಲ್ ಟ್ರೈನರ್ ವಿಮಾನ ಅಟ್ಟದಲ್ಲಿ ಸಿಕ್ಕಿದೆ. ಬಾಲ್ಸಾ ಮರದ್ದು. ಇಷ್ಟು ವರ್ಷಕ್ಕೆ ಮರದ ಸತ್ವ ಹೋಗಿರುತ್ತೆ, ಗಾಳಿಯಲ್ಲೇ ರೆಕ್ಕೆ ಮುರಿಯುತ್ತೆ ಅಂತಾರೆ. ರಿಪೇರಿ ಮಾಡೋದು ದಂಡವಾ?

ದಂಡ ಅಲ್ಲ, ಮಾಡಿ. ಹಾಸನ, ಸಕಲೇಶಪುರ, ಮೂಡಿಗೆರೆ, ಎಲ್ಲಿಂದ ಯಾರು ಹಳೇ ವಿಮಾನ ತಂದರೂ ಮೊದಲು ಇದೇ ಮಾತು. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

ವಯಸ್ಸಾಯಿತು ಅಂತ ಮರ ಸೋಲುವುದಿಲ್ಲ. ನೀರು ತಾಗದೆ, ಹುಳ ಬೀಳದೆ ಇದ್ದರೆ ತಲೆಮಾರುಗಟ್ಟಲೆ ಹಾಗೇ ಇರುತ್ತದೆ. ನಮ್ಮ ತೊಟ್ಟಿಮನೆಗಳ ಹಲಸಿನ ಕಂಬಕ್ಕೆ ವಯಸ್ಸೆಷ್ಟು ಹೇಳಿ? ಮಾಡು ಇನ್ನೂ ಅದರ ಮೇಲೇ ನಿಂತಿದೆ ಅಲ್ವಾ? ಬಾಲ್ಸಾ ಹಗುರ, ನಿಜ. ಒಂದು ಘನ ಮೀಟರಿಗೆ ಸುಮಾರು 160 ಕೆಜಿ. ಹಗುರ ಅಂದ ಮಾತ್ರಕ್ಕೆ ಬೇಗ ಹಾಳಾಗುತ್ತದೆ ಅಂತ ಯಾರು ಹೇಳಿದರೋ ಗೊತ್ತಿಲ್ಲ.

ಎರಡನೇ ಮಹಾಯುದ್ಧದಲ್ಲಿ ಡಿ ಹ್ಯಾವಿಲ್ಯಾಂಡ್ ಮಾಸ್ಕಿಟೊ ಅಂತ ಒಂದು ಯುದ್ಧವಿಮಾನ ಇತ್ತು. 1940ರಲ್ಲಿ ಮೊದಲ ಸಲ ಹಾರಿತು. ಅದರ ಮೈಯೆಲ್ಲ ಎರಡು ಪದರ ಪ್ಲೈವುಡ್, ನಡುವೆ ಇದೇ ಬಾಲ್ಸಾ. ಶುರುವಿನಲ್ಲಿ ಅದಕ್ಕೆ ಹಾಲಿನ ಕೇಸೀನ್‌ನಿಂದ ಮಾಡಿದ ಅಂಟು ಬಳಸುತ್ತಿದ್ದರು. ಸೆಕೆ, ತೇವ ಜಾಸ್ತಿ ಇರುವ ದೇಶಗಳಲ್ಲಿ ಅದು ತಡೆಯುವುದಿಲ್ಲ ಅಂತ ಆಮೇಲೆ ಫಾರ್ಮಾಲ್ಡಿಹೈಡ್ ಅಂಟಿಗೆ ಬದಲಾಯಿಸಿದರು. ಬಾಲ್ಸಾವನ್ನು ಬದಲಾಯಿಸಲಿಲ್ಲ, ಗಮನಿಸಿ. ನಿಮ್ಮ ಅಟ್ಟದ ವಿಮಾನದಲ್ಲೂ ಕೈಕೊಡುವುದು ಅಂಟೇ. ಅದೂ ಮಲೆನಾಡಿನ ಮಳೆಗಾಲಗಳನ್ನು ಕಂಡ ಬಿಳಿ ಗಮ್ಮು.

ಅಂಟಿನ ಜೊತೆಗೆ ಕೈಕೊಡುವುದು ಎಣ್ಣೆ, ಎಂಜಿನ್ನಿನ ಇಂಧನದಲ್ಲಿ ಇರುವುದು. ಕಳೆದ ವರ್ಷ ಆಲ್ದೂರು ಕಡೆಯ ತೋಟದ ಮನೆಯೊಂದರಿಂದ ಬಂದ ವಿಮಾನದ ಮೂತಿಯ ಹಾಳೆ ಬಿಚ್ಚಿದೆ. ಎಂಜಿನ್ ಕೂರುವ ಹಲಗೆಯ ಹಿಂದೆ, ಟ್ಯಾಂಕಿನ ಕೆಳಗೆ, ಬಾಲ್ಸಾ ಕಪ್ಪು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಉಗುರು ಒತ್ತಿದರೆ ಗುಳಿ ಬಿದ್ದು ಅಂಚಿನಲ್ಲಿ ಎಣ್ಣೆ ಒಸರುತ್ತಿತ್ತು. ಅಲ್ಲಿಂದ ನಾಲ್ಕು ಬೆರಳು ಹಿಂದಕ್ಕೆ ಬ್ಲೇಡಿನಲ್ಲಿ ಕೆರೆದರೆ ಅದೇ ಹಲಗೆ ಬೆಳ್ಳಗೆ, ಒಣಗಿ, ಹೊಸದರ ಹಾಗೆ. ಮರ ಒಂದೇ, ವಯಸ್ಸೂ ಒಂದೇ! ಇದಕ್ಕಿಂತ ಸಾಕ್ಷಿ ಬೇಕಾ?

ಎಣ್ಣೆ ತೆಗೆಯಲು ಕಾರ್ನ್‌ಫ್ಲೋರ್‌ಗೆ ಸ್ಪಿರಿಟ್ ಬೆರೆಸಿ ಗಟ್ಟಿಯಾಗಿ ಬಳಿಯಿರಿ. ಒಣಗಿದ ಮೇಲೆ ಉಜ್ಜಿ ತೆಗೆಯಿರಿ. ಹಿಟ್ಟು ಹಳದಿಯಾಗುವುದು ನಿಲ್ಲುವವರೆಗೂ ಮಾಡುತ್ತಲೇ ಇರಿ. ಹೊರಗೆ ಕೂತು ಮಾಡಿ, ಹತ್ತಿರ ಬೆಂಕಿ ಬೇಡ. ಅಷ್ಟಾದರೂ ಮೆತ್ತಗೇ ಇದ್ದರೆ ಆ ಭಾಗ ಕತ್ತರಿಸಿ ಹೊಸ ಪ್ಲೈ ಕೂರಿಸಿ, ಎಪಾಕ್ಸಿ ಅಂಟು ಹಾಕಿ. ಎಣ್ಣೆ ಇರುವ ಮರಕ್ಕೆ ಎಪಾಕ್ಸಿ ಸುರಿದು ಪ್ರಯೋಜನ ಇಲ್ಲ, ಹಿಡಿಯುವುದಿಲ್ಲ.

ರೆಕ್ಕೆಯ ಮೇಲೆ ಅನುಮಾನ ಇದ್ದರೆ ಪರೀಕ್ಷೆ ಸುಲಭ. ಎಂಜಿನ್, ಬ್ಯಾಟರಿ ಎಲ್ಲ ಕೂರಿಸಿ, ರೆಕ್ಕೆಯ ಎರಡೂ ತುದಿ ಹಿಡಿದು ಇಡೀ ವಿಮಾನವನ್ನು ಮೆಲ್ಲಗೆ ಎತ್ತಿ. ಇದಕ್ಕೆ ಇಬ್ಬರು ಬೇಕು. ಹಾರುವಾಗ ರೆಕ್ಕೆ ಉದ್ದಕ್ಕೂ ಭಾರ ಹೊರುತ್ತದೆ. ಹೀಗೆ ತುದಿಯಲ್ಲಿ ಹಿಡಿದಾಗ ನಡುವಿನ ಜಾಯಿಂಟಿನ ಮೇಲೆ ನೇರ ಹಾರಾಟಕ್ಕಿಂತ ಸುಮಾರು ಎರಡು ಪಟ್ಟು ಒತ್ತಡ ಬೀಳುತ್ತದೆ. ಲಟಕ್ ಅಂದರೆ ಜಾಯಿಂಟ್ ಬಿಚ್ಚಿ ನೋಡಿ. ಅಲ್ಲೂ ಬಿಟ್ಟಿರುವುದು ಸಾಮಾನ್ಯವಾಗಿ ಅಂಟೇ.

ಉಳಿದದ್ದು ಸುಮ್ನೆ ಬದಲಾಯಿಸಿ: ರಬ್ಬರ್ ಬ್ಯಾಂಡ್, ಇಂಧನದ ಪೈಪು, ನಿಕಲ್ ಕ್ಯಾಡ್ಮಿಯಂ ಬ್ಯಾಟರಿ, ಅದರ ಕಪ್ಪಾದ ವೈರು, ಹಳೇ ರೇಡಿಯೊ. 2.4 ಗಿಗಾಹರ್ಟ್ಸ್‌ನ ಹೊಸ ಸೆಟ್ ಹಾಕಿ. ಕೊನೆಗೆ ತೂಕದ ಸಮತೋಲ ನೋಡಿ. ರೆಕ್ಕೆಯ ಅಗಲ, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ, 25 ಸೆಂಮೀ ಇದ್ದರೆ, ಮುಂದಿನ ಅಂಚಿನಿಂದ ಆರೂವರೆಯಿಂದ ಏಳೂವರೆ ಸೆಂಮೀ ಒಳಗೆ ಬೆರಳಿಟ್ಟು ಎತ್ತಿದಾಗ ವಿಮಾನ ಮಟ್ಟಸವಾಗಿ ನಿಲ್ಲಬೇಕು. ಬಾಲದ ಕಡೆ ಅಂಟು, ಬಣ್ಣ ಜಾಸ್ತಿ ಬಳಿದವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು.

ಎಂಜಿನ್ ಬಗ್ಗೆ ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಮರಕ್ಕೆ ಹೆದರುವವರೇ ಎಂಜಿನ್ ಕೈಗೆ ಸಿಕ್ಕರೆ ಇಕ್ಕಳ ಹಿಡಿದು ತಿರುಗಿಸುತ್ತಾರೆ. ದಯವಿಟ್ಟು ಬೇಡ, ಒಳಗಿನ ರಾಡ್ ಬಗ್ಗುತ್ತದೆ. ಇವು ಗ್ಲೋ ಎಂಜಿನ್ನುಗಳು, ಗ್ಲೋ ಪ್ಲಗ್ಗಿನ ಕಾದ ತಂತಿಯಿಂದ ಇಂಧನ ಹೊತ್ತಿಸುವಂಥವು. ಇವುಗಳ ಇಂಧನ ಅಂದರೆ ಮುಖ್ಯವಾಗಿ ಮೆಥನಾಲ್, ಜೊತೆಗೆ ಎಣ್ಣೆ. ಹಳೆಯದರಲ್ಲಿ ಹೆಚ್ಚಾಗಿ ನಮ್ಮ ಹರಳೆಣ್ಣೆಯೇ. ಅದು ಕಾಲಕ್ರಮೇಣ ಒಳಗೇ ಅಂಟಾಗಿ ಗಟ್ಟಿಯಾಗುತ್ತದೆ. ಎಂಜಿನ್ 'ಜಾಮ್' ಆಗಿದೆ ಅನ್ನುವುದು ಎಷ್ಟೋ ಸಲ ಇದನ್ನೇ. ಗ್ಲೋ ಪ್ಲಗ್ ಬಿಚ್ಚಿ, ತೆಳು ಎಣ್ಣೆ ನಾಲ್ಕು ಹನಿ ಬಿಟ್ಟು, ಹೇರ್ ಡ್ರೈಯರ್‌ನಲ್ಲಿ ಚೆನ್ನಾಗಿ ಬಿಸಿ ಮಾಡಿ, ಪ್ರೊಪೆಲ್ಲರ್ ಹಿಡಿದು ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಬಿಡದಿದ್ದರೆ ಮತ್ತೆ ಬಿಸಿ ಮಾಡಿ, ಬಲ ಹಾಕಬೇಡಿ. ತಿರುಗಿದ ಮೇಲೆ ಬೇರಿಂಗ್ ಗರಗರ ಅಂದರೆ ತುಕ್ಕು ಹಿಡಿದಿದೆ ಅಂತ. ಎಂಜಿನ್ನಿನೊಳಗೆ ಉಳಿದ ಮೆಥನಾಲ್ ಗಾಳಿಯ ತೇವ ಹೀರುತ್ತದೆ, ತುಕ್ಕು ಬರುವುದು ಅದರಿಂದಲೂ. ಬೇರಿಂಗ್ ಮೇಲೆ ಕೆತ್ತಿದ ನಂಬರ್ ಬರೆದುಕೊಂಡು ಬೇರಿಂಗ್ ಅಂಗಡಿಯಲ್ಲಿ ತೋರಿಸಿ. ಹೆಚ್ಚಿನವು ಸಾಮಾನ್ಯ ಅಳತೆಯವೇ.