ಫಂಗಸ್‌ಗೆ ಕೊಟ್ಟ ಕ್ಯಾಪ್ಸೂಲ್, ಬೆಳಗಿನ ಗ್ಯಾಸ್ಟ್ರಿಕ್ ಮಾತ್ರೆ: ಎರಡೂ ಒಟ್ಟಿಗೆ ನಡೆಯುತ್ತವೆಯೇ?

ಪ್ರಶ್ನೆ: ನಮ್ಮ ತಂದೆಗೆ ಹಿಂದೆ ಕ್ಷಯ ಬಂದು ವಾಸಿಯಾಗಿತ್ತು. ಈಗ ಕಫದಲ್ಲಿ ರಕ್ತ ಕಾಣಿಸಿಕೊಂಡಿದ್ದರಿಂದ ಸ್ಕ್ಯಾನ್ ಮಾಡಿಸಿದೆವು. ಶ್ವಾಸಕೋಶದಲ್ಲಿ ಫಂಗಸ್ ಬೆಳೆದಿದೆ ಎಂದರು. ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ದಿನಕ್ಕೆರಡು ಹೊತ್ತು, ಆರು ತಿಂಗಳಿಗೆ ಬರೆದಿದ್ದಾರೆ. ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳಲ್ಲದೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ನುಂಗುತ್ತಾರೆ. ಎಲ್ಲವನ್ನೂ ಒಟ್ಟಿಗೆ ಕೊಡಬಹುದೇ? ಲಿವರ್ ಹಾಳಾಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ.

ಉತ್ತರ: ಲಿವರ್ ಮಾತು ಆಮೇಲೆ. ಮೊದಲು ಆ ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿಯನ್ನು ಕೈಗೆತ್ತಿಕೊಂಡು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ಎಂದಿದ್ದರೆ ಅದು ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಔಷಧ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಬೇಕಾದರೆ ಅದೇ ಆಮ್ಲ ಬೇಕು. ಆ ಕ್ಯಾಪ್ಸೂಲಿನೊಳಗೆ ಸಣ್ಣ ಸಾಸಿವೆಯಂಥ ಗುಂಡುಗಳಿರುತ್ತವೆ. ಔಷಧವಿರುವುದು ಅವುಗಳ ಮೇಲಿನ ಲೇಪದಲ್ಲಿ. ಆಮ್ಲ ಸಾಲದಿದ್ದರೆ ಲೇಪ ಸರಿಯಾಗಿ ಬಿಡುವುದಿಲ್ಲ, ಔಷಧ ರಕ್ತಕ್ಕೆ ಸೇರುವುದಿಲ್ಲ. ಒಂದು ಹೊತ್ತೂ ತಪ್ಪಿಸದೆ ನುಂಗಿದ ರೋಗಿಯ ಕಾಯಿಲೆಯೂ ಹೀಗೆ ಇಳಿಯದೆ ಉಳಿಯಬಹುದು.

ಅದೇ ಪಟ್ಟಿಯಲ್ಲಿ ಡೊಂಪೆರಿಡೋನ್ ಎಂಬ, ವಾಕರಿಕೆ ತಡೆಯುವ ಔಷಧದ ಹೆಸರೂ ಇದೆಯೇ ನೋಡಿ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಗ್ಯಾಸ್ಟ್ರಿಕ್ ಕ್ಯಾಪ್ಸೂಲುಗಳಲ್ಲಿ ಇವೆರಡೂ ಕೂಡಿಯೇ ಇರುತ್ತವೆ. ಇಟ್ರಾಕೊನಜೋಲ್ ಜೊತೆಗೆ ಡೊಂಪೆರಿಡೋನ್ ಕೂಡದು. ಅದರ ಮಟ್ಟ ರಕ್ತದಲ್ಲಿ ಏರಿ ಹೃದಯದ ಬಡಿತದ ಲಯ ಅಪಾಯಕಾರಿಯಾಗಿ ತಪ್ಪಬಹುದು. ಮನೆಯಲ್ಲಿ ಯಾರೂ ಔಷಧವೆಂದೇ ಎಣಿಸದ ಈ ಮಾತ್ರೆಯನ್ನು ವೈದ್ಯರಿಗೆ ಹೇಳುವುದು ಮರೆತುಹೋಗುತ್ತದೆ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇದೇ.

ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳಿ. ನಿಲ್ಲಿಸಲಾಗದಿದ್ದರೆ ಇಟ್ರಾಕೊನಜೋಲಿನ ದ್ರವರೂಪಕ್ಕೆ ಬದಲಾಯಿಸುವ ದಾರಿಯಿದೆ, ಅದಕ್ಕೆ ಆಮ್ಲದ ಹಂಗು ಅಷ್ಟಿಲ್ಲ. ಆದರೆ ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಊಟವಾದ ಕೂಡಲೇ ನುಂಗಬೇಕು, ದ್ರವವನ್ನು ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಬರೀ ಕಾಫಿ, ಎರಡು ಬಿಸ್ಕತ್ತು ಊಟವಾಗುವುದಿಲ್ಲ. ಎದೆಯುರಿಗೆ ಆಗಾಗ ಕುಡಿಯುವ ಆಂಟಾಸಿಡ್ ಇದ್ದರೆ ಅದು ಕ್ಯಾಪ್ಸೂಲಿಗೆ ಕನಿಷ್ಠ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ಇರಲಿ. ಇನ್ನೊಂದು ಎಚ್ಚರ: ಅಂಗಡಿಯಲ್ಲಿ ‘ಸೂಪರ್’ ಎಂಬ ಹೆಸರಿನಲ್ಲಿ 65 ಮಿಲಿಗ್ರಾಂ ಕ್ಯಾಪ್ಸೂಲುಗಳೂ ಸಿಗುತ್ತವೆ. ಅವು ಹೆಚ್ಚು ಹೀರಿಕೆಯಾಗುವಂತೆ ತಯಾರಾದವು. 65 ಎಂದರೆ ಸಾಮಾನ್ಯ ಕ್ಯಾಪ್ಸೂಲಿನ 100ಕ್ಕೆ ಸಮ ಎಂಬ ಲೆಕ್ಕ. ಅಂಗಡಿಯವರು ಒಂದರ ಬದಲು ಇನ್ನೊಂದನ್ನು ಕೊಟ್ಟರೆ ಒಪ್ಪಬೇಡಿ.

ಇನ್ನು ಉಳಿದ ಮಾತ್ರೆಗಳು. ದೇಹಕ್ಕೆ ಸೇರಿದ ಎಷ್ಟೋ ಔಷಧಗಳನ್ನು ಲಿವರ್ ಮತ್ತು ಕರುಳಿನಲ್ಲಿರುವ ಒಂದು ಕಿಣ್ವ ಒಡೆದು ಹೊರಹಾಕುತ್ತದೆ. ಇಟ್ರಾಕೊನಜೋಲ್ ಆ ಕಿಣ್ವದ ಕೈ ಕಟ್ಟುತ್ತದೆ. ಆಗ ಮಾಮೂಲಿ ಪ್ರಮಾಣದ ಮಾತ್ರೆಯೇ ಮಿತಿಮೀರಿದ ಪ್ರಮಾಣವಾಗುತ್ತದೆ. ಕೊಲೆಸ್ಟ್ರಾಲಿಗೆ ಕೊಡುವ ಸಿಮ್ವಾಸ್ಟಾಟಿನ್, ಲೋವಾಸ್ಟಾಟಿನ್ ಇದರ ಜೊತೆ ಕೂಡಲೇ ಕೂಡದು, ಸ್ನಾಯುಗಳೇ ಕರಗತೊಡಗಬಹುದು. ಅಟೊರ್ವಾಸ್ಟಾಟಿನ್ ಆಗಿದ್ದರೆ ಪ್ರಮಾಣ ಇಳಿಸಬೇಕೇ, ಬದಲಿಸಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ಬಿಪಿಯ ಆಮ್ಲೋಡಿಪಿನ್‌ನಿಂದ ಪಾದ ಊದಿಕೊಳ್ಳುವುದು ಹೆಚ್ಚಬಹುದು. ಉಬ್ಬಸಕ್ಕೆ ಬುಡೆಸೊನೈಡ್ ಅಥವಾ ಫ್ಲುಟಿಕಸೋನ್ ಇನ್ಹೇಲರ್ ಎಳೆಯುತ್ತಿದ್ದರೆ ಅದನ್ನೂ ಹೇಳಿ. ಉಸಿರಿನಲ್ಲಿ ಹೋದ ಸ್ಟಿರಾಯ್ಡ್ ಕೂಡ ದೇಹದಲ್ಲಿ ಶೇಖರವಾಗಿ ಮುಖ ಊದಿಸುತ್ತದೆ, ಸಕ್ಕರೆ ಏರಿಸುತ್ತದೆ.

ಕ್ಷಯದ ಔಷಧ ರಿಫಾಂಪಿಸಿನ್‌ನದು ಇದಕ್ಕೆ ವಿರುದ್ಧದ ಕೆಲಸ. ಅದು ಇಟ್ರಾಕೊನಜೋಲನ್ನು ಬೇಗ ಒಡೆದು ಖಾಲಿ ಮಾಡುತ್ತದೆ, ನಿಲ್ಲಿಸಿದ ಮೇಲೂ ಎರಡು ವಾರದಷ್ಟು ಕಾಲ ಅದರ ಪ್ರಭಾವ ಉಳಿಯುತ್ತದೆ. ಕ್ಷಯ ಬಿಟ್ಟುಹೋದ ಟೊಳ್ಳಿನಲ್ಲಿ ಬೆಳೆಯುವ ಆಸ್ಪರ್ಜಿಲಸ್ ಶಿಲೀಂಧ್ರವೂ ಕೆಮ್ಮು, ರಕ್ತ, ತೂಕ ಇಳಿಕೆಯನ್ನೇ ತರುವುದರಿಂದ ಕ್ಷಯವೇ ಮರಳಿತೆಂದು ಭಾವಿಸಿ ಮತ್ತೆ ಆ ಚಿಕಿತ್ಸೆ ಆರಂಭಿಸುವುದುಂಟು. ಕಫ ಪರೀಕ್ಷೆಯಿಲ್ಲದೆ ಆ ಚಿಕಿತ್ಸೆ ಶುರುವಾಗಬಾರದು, ಎರಡೂ ಔಷಧ ಒಟ್ಟಿಗೆ ನಡೆಯಬಾರದು.

ಈಗ ಲಿವರ್. ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಈ ಗುಂಪಿನ ಹಳೆಯ ಔಷಧ ಕೀಟೊಕೊನಜೋಲ್ ಮಾತ್ರೆಯನ್ನು ಲಿವರಿಗೆ ಆಗುವ ಹಾನಿಯ ಕಾರಣಕ್ಕೆ 2013ರಲ್ಲಿ ಅಮೆರಿಕ ಬಿಗಿಯಾಗಿ ಮಿತಿಗೊಳಿಸಿತು, ಯುರೋಪಿನ ಔಷಧ ಸಂಸ್ಥೆ ಮಾರಾಟ ತಡೆಹಿಡಿಯಲು ಸೂಚಿಸಿತು. ಇಟ್ರಾಕೊನಜೋಲ್‌ನಿಂದ ಗಂಭೀರ ಹಾನಿ ಅಪರೂಪ. ಶುರುಮಾಡುವ ಮುನ್ನ ಒಮ್ಮೆ, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ ರಕ್ತಪರೀಕ್ಷೆ ಮಾಡಿಸಿದರೆ ತೊಂದರೆ ಮೊದಲೇ ಗೊತ್ತಾಗುತ್ತದೆ. ಊಟ ಸೇರದಿರುವುದು, ವಾಂತಿ, ಗಾಢ ಬಣ್ಣದ ಮೂತ್ರ, ಹಳದಿ ಕಣ್ಣು ಕಂಡರೆ ಇಟ್ರಾಕೊನಜೋಲ್ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಮದ್ಯ ಬೇಡವೇ ಬೇಡ.

ನೆಂಟರು ಹೇಳದೆ ಬಿಟ್ಟದ್ದು ಹೃದಯದ ವಿಷಯ. ಈ ಔಷಧ ಹೃದಯದ ಬಲ ಕುಗ್ಗಿಸಬಹುದೆಂದು ಅಮೆರಿಕದ ಔಷಧ ಇಲಾಖೆ 2001ರಲ್ಲೇ ಎಚ್ಚರಿಸಿತ್ತು. ತಂದೆಗೆ ಹಿಂದೆ ಹೃದಯದ ತೊಂದರೆ ಇದ್ದರೆ ಮೊದಲೇ ತಿಳಿಸಿ. ಕಾಲು ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದರೆ, ತೂಕ ದಿಢೀರನೆ ಏರಿದರೆ ಕಾಯಬೇಡಿ. ಕಫದಲ್ಲಿ ರಕ್ತ ಹೆಚ್ಚು ಬಂದರಂತೂ ನೇರವಾಗಿ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಎಲ್ಲ ಮಾತ್ರೆಪಟ್ಟಿಗಳನ್ನೂ ಇನ್ಹೇಲರನ್ನೂ ಒಂದು ಚೀಲಕ್ಕೆ ಹಾಕಿಕೊಂಡು, ಇಟ್ರಾಕೊನಜೋಲ್ ಬರೆದ ವೈದ್ಯರ ಮೇಜಿನ ಮೇಲೆ ಹರಡಿ ತೋರಿಸಿ. ಬಿಪಿ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಔಷಧ ಶುರುವಾಗಿ ಎರಡು ವಾರವಾದ ಮೇಲೆ ರಕ್ತದಲ್ಲಿ ಅದರ ಮಟ್ಟ ಅಳೆಯುವ ಪರೀಕ್ಷೆ ಲಭ್ಯವಿದೆಯೇ ಎಂದೂ ಕೇಳಿ.

ಆರು ತಿಂಗಳು ಬಹಳವಾಯಿತೆಂದು ಅನ್ನಿಸಬಹುದು. ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು ಶ್ವಾಸಕೋಶದ ಇದೇ ಆಸ್ಪರ್ಜಿಲಸ್ ಕಾಯಿಲೆಯ 164 ರೋಗಿಗಳಲ್ಲಿ ಆರು ಮತ್ತು ಹನ್ನೆರಡು ತಿಂಗಳ ಚಿಕಿತ್ಸೆಯನ್ನು ಹೋಲಿಸಿ 2022ರಲ್ಲಿ ಪ್ರಕಟಿಸಿದರು. ಎರಡು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಆರು ತಿಂಗಳ ಗುಂಪಿನಲ್ಲಿ ಶೇ. 38 ಮಂದಿಗೆ, ಹನ್ನೆರಡರ ಗುಂಪಿನಲ್ಲಿ ಶೇ. 10 ಮಂದಿಗೆ. ಹಾಗಾಗಿ ಆರನೇ ತಿಂಗಳಲ್ಲಿ ವೈದ್ಯರು ಇನ್ನೂ ಮುಂದುವರಿಸೋಣ ಎಂದರೆ ಗಾಬರಿಯಾಗಬೇಡಿ. ಎರಡನೇ ತಿಂಗಳಿಗೇ ಕೆಮ್ಮು ನಿಂತರೂ ಕ್ಯಾಪ್ಸೂಲ್ ಬಿಡಬೇಡಿ.