ಬೆದರಿದ ಕುದುರೆ ಕಲಿಯುವುದು ನೀವು ಹಿಂದೆ ಸರಿದಾಗ

ವರ್ಷಗಟ್ಟಲೆ ಯಾರೂ ಮೈ ಮುಟ್ಟದ ಕುದುರೆಯ ಹತ್ತಿರ ಹೋದರೆ ಅದು ಓಡುತ್ತದೆ, ಇಲ್ಲಾಂದ್ರೆ ಹಿಂಗಾಲು ಝಾಡಿಸುತ್ತದೆ. ನೋಡಿದವರು ತಕ್ಷಣ ‘ಇದಕ್ಕೆ ಕೊಬ್ಬು ಜಾಸ್ತಿ’ ಅಂತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಬಯಲಿನಲ್ಲಿ ಬೇಟೆಯಾಡುವ ಪ್ರಾಣಿಗಳ ಬಾಯಿಂದ ತಪ್ಪಿಸಿಕೊಳ್ಳುತ್ತಲೇ ಬಂದ ಜೀವ ಅದು. ಮೊದಲು ಓಡು, ಆಮೇಲೆ ನೋಡು ಅನ್ನುವುದು ಅದರ ರಕ್ತದಲ್ಲಿದೆ. ಮನುಷ್ಯ ಪಳಗಿಸಿ 4000 ವರ್ಷಕ್ಕೂ ಮೇಲಾಯಿತು, ಆ ಬುದ್ಧಿ ಮಾತ್ರ ಹೋಗಿಲ್ಲ.

ಪಳಗಿಸುವ ಮಾತಿಗೆ ಮೊದಲು ಹೊಟ್ಟೆಯ ಮಾತು. ಪಕ್ಕೆಲುಬು ಎಣಿಸುವಷ್ಟು ಬಡಕಲಾದ ಕುದುರೆ ಸಿಕ್ಕರೆ ಕನಿಕರದಿಂದ ಬುಟ್ಟಿ ತುಂಬಾ ಧಾನ್ಯ ಸುರಿಯಬೇಡಿ. ತುಂಬಾ ದಿನ ಉಪವಾಸ ಬಿದ್ದ ದೇಹಕ್ಕೆ ಒಮ್ಮೆಲೇ ಪಿಷ್ಟ ಸಿಕ್ಕರೆ ಇನ್ಸುಲಿನ್ ಏರುತ್ತದೆ. ಆಗ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಜೀವಕೋಶಗಳ ಒಳಗೆ ನುಗ್ಗಿ, ರಕ್ತದಲ್ಲಿ ಅವುಗಳ ಮಟ್ಟ ಕುಸಿದು, ಕೆಲವೇ ದಿನಗಳಲ್ಲಿ ಹೃದಯ ನಿಂತು ಹೋಗಬಹುದು. ಪಿಷ್ಟ ಕಡಿಮೆ ಇರುವ ಕುದುರೆಮಸಾಲೆ ಸೊಪ್ಪಿನ ಒಣಮೇವನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಸಲ, ಪಶುವೈದ್ಯರನ್ನು ಕೇಳಿಯೇ ಕೊಡಬೇಕು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಅಷ್ಟು ಸಲ ನೀವು ಹೋಗಿ, ಮೇವು ಇಟ್ಟು, ಏನೂ ಕೇಳದೆ ವಾಪಸ್ ಬರುತ್ತೀರಲ್ವಾ, ಅಲ್ಲಿಂದಲೇ ಪಳಗಿಸುವ ಕೆಲಸ ಶುರುವಾಗಿರುತ್ತದೆ.

ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿವೆ. ಹೆಚ್ಚುಕಮ್ಮಿ 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ. ಅದಕ್ಕೇ ಭುಜದ ಕಡೆಯಿಂದ, ಓರೆಯಾಗಿ, ನಿಧಾನಕ್ಕೆ ಹೋಗಬೇಕು. ಹೋಗುತ್ತಾ ಒಂದು ಕಡೆ ಅದು ತಲೆ ಎತ್ತುತ್ತದೆ, ಕಿವಿ ನಿಮ್ಮ ಕಡೆ ತಿರುಗುತ್ತದೆ, ಮೂಗಿನ ಹೊಳ್ಳೆ ಬಿಗಿಯಾಗುತ್ತದೆ. ಅಲ್ಲೇ ನಿಂತುಬಿಡಿ. ಅದು ಓಡದೆ ನಿಂತು, ಕತ್ತು ಒಂಚೂರು ಸಡಿಲ ಬಿಟ್ಟ ತಕ್ಷಣ ನೀವು ಎರಡು ಹೆಜ್ಜೆ ಹಿಂದೆ ಹೋಗಿ.

ಪಾಠ ಆಗುವುದು ಈ ಎರಡು ಹೆಜ್ಜೆಯಲ್ಲೇ. ನೀವು ಹತ್ತಿರ ಬರುವುದು ಕುದುರೆಗೆ ಒಂದು ಒತ್ತಡ. ಒತ್ತಡ ಯಾವಾಗ ಇಳಿಯಿತೋ, ಅದಕ್ಕೆ ಸರಿಯಾಗಿ ಹಿಂದಿನ ಕ್ಷಣ ತಾನು ಏನು ಮಾಡುತ್ತಿದ್ದೆ ಅನ್ನುವುದನ್ನು ಅದು ಕಲಿಯುತ್ತದೆ. ಸುಮ್ನೆ ನಿಂತಾಗ ಹಿಂದೆ ಸರಿದರೆ ನಿಲ್ಲುವುದನ್ನು ಕಲಿಯುತ್ತದೆ, ಹಾರಾಡಿದಾಗ ಹೆದರಿ ಹಿಂದೆ ಸರಿದರೆ ಹಾರಾಡುವುದನ್ನು ಕಲಿಯುತ್ತದೆ. ಕೈ, ಹಗ್ಗ, ಬ್ರಷ್ ಎಲ್ಲಕ್ಕೂ ಲೆಕ್ಕ ಇದೇ. ಒಂದೆರಡು ಸೆಕೆಂಡ್ ತಡವಾದರೂ ಪಾಠ ಬದಲಾಗಿಬಿಡುತ್ತದೆ.

ಕಟ್ಟಿಹಾಕಿ, ಮೈಮೇಲೆ ಗೋಣಿಚೀಲ ಬೀಸುತ್ತಾ, ಒದ್ದಾಡಿ ಸುಸ್ತಾಗುವ ತನಕ ಬಿಡದವರೂ ಇದ್ದಾರೆ. ಕೊನೆಗೆ ಕುದುರೆ ಅಲ್ಲಾಡದೆ ನಿಲ್ಲುತ್ತದೆ, ನಿಜ. ಆದರೆ ಅದು ಕೈಚೆಲ್ಲಿದ ಜೀವ. ಭಯ ಒಳಗೆ ಹಾಗೇ ಇರುತ್ತದೆ, ಇನ್ನೊಂದು ದಿನ ಇನ್ನೊಬ್ಬರ ಮೇಲೆ ಸಿಡಿಯುತ್ತದೆ. ಇದನ್ನು ಪಳಗಿಸುವುದು ಅಂತ ಕರೆಯಲು ನಾನು ಒಪ್ಪುವುದಿಲ್ಲ.

ನಿಮ್ಮ ಮೈಯನ್ನು ಕುದುರೆ ಎಷ್ಟು ಸೂಕ್ಷ್ಮವಾಗಿ ಓದುತ್ತದೆ ಗೊತ್ತಾ? 1900ರ ದಶಕದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತಿತ್ತು. 1904ರಲ್ಲಿ ಮನಶ್ಶಾಸ್ತ್ರದ ಸಂಶೋಧಕ ಆಸ್ಕರ್ ಫುಂಗ್‌ಸ್ಟ್ ಪರೀಕ್ಷೆ ಮಾಡಿ ಗುಟ್ಟು ಹಿಡಿದರು. ಅದಕ್ಕೆ ಲೆಕ್ಕ ಬರುತ್ತಿರಲಿಲ್ಲ. ಸರಿಯುತ್ತರ ಬಂದಾಗ ಎದುರಿಗಿದ್ದವರ ತಲೆ ಅವರಿಗೇ ಗೊತ್ತಿಲ್ಲದ ಹಾಗೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಅದನ್ನು ನೋಡಿ ಹಾನ್ಸ್ ಬಡಿಯುವುದನ್ನು ನಿಲ್ಲಿಸುತ್ತಿತ್ತು. ಅಂಥ ಪ್ರಾಣಿಯ ಮುಂದೆ ಸಿಟ್ಟು, ಅವಸರ ಮುಚ್ಚಿಡಲು ಆಗುವುದಿಲ್ಲ. ತಲೆ ಕೆಟ್ಟ ದಿನ ಮೇವು ಹಾಕಿ ಬಂದುಬಿಡಿ, ಸಾಕು.

ಮೊದಲ ಸಲ ಮುಟ್ಟುವಾಗ ಮುಖಕ್ಕೆ ಕೈ ಹಾಕಬೇಡಿ. ಕತ್ತು ಬೆನ್ನಿಗೆ ಸೇರುವ ಉಬ್ಬಿನ ಹತ್ತಿರ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ. ಆ ಜಾಗದಲ್ಲಿ ಕೆರೆದರೆ ಹೃದಯ ಬಡಿತ ಇಳಿಯುತ್ತದೆ ಅಂತ 1993ರ ಅಧ್ಯಯನವೊಂದು ಅಳೆದು ತೋರಿಸಿದೆ. ಮೇಲ್ತುಟಿ ಮುಂದಕ್ಕೆ ಚಾಚಿ ಅದುರತೊಡಗಿದರೆ ಹಿತವಾಗಿದೆ ಅಂತ ಅರ್ಥ.

ತಡವಾಗಿಯಾದರೂ ಕಲಿಸಲೇಬೇಕಾದದ್ದು ಕಾಲು ಎತ್ತುವುದನ್ನು. ಆರೈಕೆ ಇಲ್ಲದ ಗೊರಸು ಉದ್ದ ಬೆಳೆದು ಸೀಳಿರುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವ ಗೊರಸು ಪೂರ್ತಿ ಹೊಸದಾಗಲು ಹತ್ತಿರಹತ್ತಿರ ಒಂದು ವರ್ಷ ಬೇಕು. ಅಷ್ಟು ಕಾಲ ಆರೆಂಟು ವಾರಕ್ಕೊಮ್ಮೆ ಅದನ್ನು ಕತ್ತರಿಸಿ ಸರಿಮಾಡುತ್ತಿರಬೇಕು. ಹಾಗಾಗಿ ಭುಜದಿಂದ ಕೆಳಗೆ ಕೈ ಜಾರಿಸಿ, ಕಾಲಿನ ಭಾರ ಹಗುರಾದರೆ ಅಲ್ಲಿಗೇ ಬಿಡಿ. ಮುಂದೊಂದು ದಿನ ಗೊರಸು ನೆಲ ಬಿಟ್ಟು ಮೇಲೆದ್ದಾಗ, ಕುದುರೆ ಕಾಲು ಕಿತ್ತುಕೊಳ್ಳುವ ಮೊದಲೇ ನೀವೇ ಕೆಳಗಿಡಿ.